ಹುಡಿ ಬಿದ್ದಲ್ಲಿ ನೋಡಬಾರದು

ಎರಡು ವಾರದ ಹಿಂದೆ, ಐರೋಲಿಯ ನನ್ನ ಬಾಡಿಗೆ ಮನೆಯಲ್ಲಿ, ಪುಸ್ತಕದ ಕಪಾಟಿನ ನಡುವಿನ ಹಲಗೆಯ ಮೇಲೆ ಒಂದು ಚಿಟಿಕೆ ಹುಡಿ ಕಂಡಿತು. ತೆಳು ಹಳದಿ ಬಣ್ಣ, ಗೋಧಿಹಿಟ್ಟಿಗಿಂತ ನಯ. ಬೆರಳಲ್ಲಿ ಉಜ್ಜಿದರೆ ಪೌಡರಿನ ಹಾಗೆ ಜಾರಿತು. ನನಗೆ ಎರಡು ವಿಷಯ ಒಟ್ಟಿಗೆ ಹೊಳೆದವು. ಒಂದು, ಕಪಾಟಿಗೆ ಕುಟ್ಟೆ ಹಿಡಿದಿದೆ. ಮರವನ್ನು ಒಳಗಿನಿಂದ ಕೊರೆದು ಹಿಟ್ಟು ಮಾಡುವ ಹುಳ ಸೇರಿಕೊಂಡಿದೆ. ಎರಡು, ಈ ಕಪಾಟು ಮಾರಿದವನನ್ನು ಬಿಡಬಾರದು.

ಸೇಡಿನ ವಿಷಯದಲ್ಲಿ ನಾನು ತಡಮಾಡುವವನಲ್ಲ. ತಡಮಾಡಿದ್ದು ಜೀವನದಲ್ಲಿ ಒಂದೇ ಸಲ, ಅದನ್ನು ಮುಂದೆ ಹೇಳುತ್ತೇನೆ. ಹಲ್ಲುಜ್ಜುವ ಮೊದಲೇ ಆ ಹಳೇ ಫರ್ನಿಚರ್ ಅಂಗಡಿಗೆ ಒಂದು ಸ್ಟಾರು ಕೊಟ್ಟು, ಕೆಳಗೆ ನಾಲ್ಕು ಸಾಲು ಬೈದು ಬರೆದೆ. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಅಂಗಡಿಯವನ ಹಾಗೆ ನನ್ನ ಆಕ್ಟಿಂಗೂ ಆಯಿತು. ಗುಟ್ಕಾ ಒಂದು ಕೆನ್ನೆಗೆ ತಳ್ಳಿ, ಕಪಾಟಿನ ಬೆನ್ನು ತಟ್ಟುತ್ತ, "ಸಾಬ್, ಸಾಗವಾನ್ ಹೈ, ಆಪ್ ಮರೇಂಗೇ, ಯೇ ನಹೀ ಮರೇಗಾ!" ಎಂದೆ, ತೇಗದ್ದು, ನೀವು ಸತ್ತರೂ ಇದು ಸಾಯುವುದಿಲ್ಲ ಎಂದು. ಎಲ್ಲರೂ ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಆ್ಯಪಿನಲ್ಲಿ ಬುಕ್ ಮಾಡಿ ಪೆಸ್ಟ್ ಕಂಟ್ರೋಲಿನವನನ್ನು ಕರೆಸಿದೆ. ಅವನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದು, ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ಕಪಾಟಿನ ಮೇಲೆ ಎರಡು ಸಲ ಫುಸ್ ಫುಸ್ ಮಾಡಿದ. "ತೂತಿನ ಒಳಗೆ ಸೂಜಿಯಲ್ಲಿ ಮದ್ದು ಹಾಕುವುದಿಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದೆ. "ಸರ್, ಇಂಜೆಕ್ಷನ್ ಡಾಕ್ಟರ್ ಕೆ ಪಾಸ್ ಮಿಲ್ತಾ ಹೈ," ಸೂಜಿ ಬೇಕಾದರೆ ಡಾಕ್ಟರ ಹತ್ತಿರ ಹೋಗಿ ಎಂದು ನಕ್ಕು, ಐದು ಸ್ಟಾರು ಕೇಳಿ ಹೋದ. ಬಾಗಿಲು ಹಾಕಿಕೊಂಡು ತಿರುಗಿದರೆ ಮನೆಯ ತುಂಬ ಆ ವಾಸನೆ... ಸೀಮೆಎಣ್ಣೆಯೂ ಆಸ್ಪತ್ರೆಯೂ ಬೆರೆತ ಹಾಗಿನ ವಾಸನೆ. ಏಳು ವರ್ಷದ ಹಿಂದೆ ಡೊಂಬಿವಲಿಯಲ್ಲಿ, ನಮ್ಮ ಎದುರು ಬಾಗಿಲಿನ ಅತ್ತೆಯ ಮನೆಯಲ್ಲಿ ಎರಡು ದಿನ ತುಂಬಿಕೊಂಡಿದ್ದ ವಾಸನೆ ಅದು. ಅದರ ಹಿಂದೆಯೇ ಆ ಮನುಷ್ಯ ನೆನಪಾದರು. ಎಡಭುಜ ಸ್ವಲ್ಪ ಕೆಳಗೆ, ಆ ಭುಜದಲ್ಲಿ ರೆಕ್ಸಿನ್ ಚೀಲ.

ಅವರನ್ನು ಎಲ್ಲರೂ ಸೂಜಿಮಾಮ ಎನ್ನುತ್ತಿದ್ದರು. ಉಡುಪಿ ಕಡೆಯವರು, ಇರುತ್ತಿದ್ದದ್ದು ವಿಠ್ಠಲವಾಡಿಯಲ್ಲಿ. ಅಂಬರನಾಥದಿಂದ ಬರುವ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಬಂದು, ಕನ್ನಡದವರ ಮನೆಗಳ ಮಂಚ, ಕಪಾಟು, ಬಾಗಿಲುಪಟ್ಟಿಗಳ ಕುಟ್ಟೆ ಬಿಡಿಸುವುದು ಅವರ ಕೆಲಸ. ಬೋರ್ಡಿಲ್ಲ, ಕಾರ್ಡಿಲ್ಲ. ಒಂದು ಮನೆಯವರು ಇನ್ನೊಂದು ಮನೆಯವರಿಗೆ "ನಮ್ಮ ಸೂಜಿಮಾಮನನ್ನು ಕರೀರಿ" ಎಂದರೆ ಕೆಲಸ. ಆ ಒಂದು ಮಾತಿನ ಮೇಲೆ ಅವರ ಸಂಸಾರ ನಿಂತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಡೊಂಬಿವಲಿಯ ನಮ್ಮ ಕಡೆಯ ಭಜನಾ ಮಂಡಳಿಗೆ ಅವರು ಅಧ್ಯಕ್ಷರಲ್ಲ, ಕಾರ್ಯದರ್ಶಿಯೂ ಅಲ್ಲ. ಆದರೆ ಅವರು ಕೆಮ್ಮಿದರೆ ತಾಳ ನಿಲ್ಲುತ್ತಿತ್ತು. ಪ್ರತಿ ಶನಿವಾರ ಸಂಜೆ ಭಜನೆ ಅವರ ಮನೆಯ ಹಾಲಿನಲ್ಲೇ. ಅಲ್ಲಿ ಊರಿನಿಂದ ಲಾರಿಯಲ್ಲಿ ತರಿಸಿದ್ದ ಮರದ ದೇವರ ಮಂಟಪ, ನಾಲ್ಕು ಕೆತ್ತನೆಯ ಕಂಬ, ಮೇಲೊಂದು ಗೋಪುರ. ಮಂಟಪದ ಕೆಳಗಿನ ಖಾಲಿ ಜಾಗದಲ್ಲಿ ಊಟಕ್ಕೆ ಕೂರುವ ಹತ್ತು ಮಣೆಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತಿದ್ದರು. ಅಡಿಗೆಮನೆಯ ಕಪಾಟಿಗೆ, ಮಂಚಕ್ಕೆ, ಮಣೆಗಳಿಗೆ ಕುಟ್ಟೆ ಹಿಡಿದಾಗ ಸೂಜಿಮಾಮನನ್ನು ಕರೆಸಿದರು.

ನಾನಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಓದುವುದು ಬಿಟ್ಟು ಊರವರ ನಡಿಗೆ, ಕೆಮ್ಮು, ಆಕಳಿಕೆ ಅಭ್ಯಾಸ ಮಾಡುವುದೇ ನನ್ನ ಕೆಲಸ. ಹಾಗಾಗಿ ಎರಡು ದಿನ ಅತ್ತೆಯ ಮನೆಯ ಬಾಗಿಲಿಗೆ ಒರಗಿ ಮಾಮನನ್ನು ನೋಡುತ್ತ ನಿಂತೆ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಮರವನ್ನು ಟೊಕ್ ಟೊಕ್ ಎಂದು ತಟ್ಟುವರು, ಕಿವಿ ಇಟ್ಟು ಒಂದು ಕಣ್ಣು ಮುಚ್ಚುವರು. "ಹ್ಞಾ... ಇಲ್ಲಿ ಉಂಟು." ಸಾಸಿವೆ ಗಾತ್ರದ ತೂತಿಗೆ ಸಿರಿಂಜಿನ ತುದಿ ಇಟ್ಟು ಒತ್ತಿದರೆ, ಮದ್ದು ಒಳಗೊಳಗೇ ಹರಿದು ಒಂದು ಗೇಣು ಆಚೆಯ ಇನ್ನೊಂದು ತೂತಿನಲ್ಲಿ ಹನಿಯುತ್ತಿತ್ತು. ಆ ಎರಡೂ ತೂತಿಗೆ ಮರದ ಬಣ್ಣಕ್ಕೆ ಹೊಂದುವ ಹಾಗೆ ಕಾವಿ ಬೆರೆಸಿದ ಮೇಣ ತುಂಬುವರು. ತುಂಬಿ, ಹೆಬ್ಬೆರಳಲ್ಲಿ ಒತ್ತಿ, ಪ್ರತಿ ತೂತಿಗೂ ಮೆಲ್ಲನೆ ಒಂದೇ ಮಾತು ಹೇಳುವರು: "ಮಲಗು."

"ಮಾಮ, ಹುಳಕ್ಕೆ ಕನ್ನಡ ಬರ್ತದಾ?" ಎಂದು ನಾನು ಕೆಣಕಿದೆ.

"ಬರ್ತದೆ ಮಾರಾಯ. ನಿಮ್ಮ ಹಾಗೆ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುದಿಲ್ಲ ಅದು," ಎಂದರು, ತಲೆ ಎತ್ತದೆ.

ಕೆಲಸ ಕಲಿಸುವ ಉಮೇದು ಅವರಿಗೆ. ಹೊಸ ಹುಡಿ ಬಿಳಿಚಿರುತ್ತದೆ, ಹಳೆಯದು ಕಂದು ತಿರುಗಿ ಗಂಟುಗಂಟಾಗುತ್ತದೆ. ಪಾಲಿಶ್ ಇದ್ದ ಕಡೆ ಕುಟ್ಟೆಯ ದುಂಬಿ ಮೊಟ್ಟೆ ಇಡುವುದಿಲ್ಲ, ಹಿಂಬದಿಯ ಬೋಳು ಮರವನ್ನೇ ಹುಡುಕುತ್ತದೆ, ಆದ್ದರಿಂದ ಹಿಂಬದಿಗೆ ಬ್ರಶ್ಶಿನಲ್ಲಿ ಎರಡು ಕೈ ಮದ್ದು ಬಳಿಯಬೇಕು. "ಮತ್ತೊಂದು ನೆನಪಿಟ್ಟುಕೊ ಮಗಾ. ಹುಡಿ ಬಿದ್ದಲ್ಲಿ ನೋಡಬಾರದು. ಹುಡಿಯ ಮೇಲೆ ನೋಡ್ಬೇಕು. ಅದು ಬೀಳುವಂಥದ್ದು, ಹತ್ತುವಂಥದ್ದಲ್ಲ."

ಎರಡನೆಯ ದಿನ ಎಲ್ಲ ಮುಗಿದ ಮೇಲೆ ಅವರು ಮಂಟಪದ ಮುಂದೆ ನಿಂತರು. ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ಕಂಬದ ಬುಡವನ್ನು ನೋಡಿದರು.

"ಅಮ್ಮ, ಇದಕ್ಕೂ ಉಂಟು. ದೇವರನ್ನು ಎರಡು ದಿನ ಒಂದು ಹರಿವಾಣದಲ್ಲಿ ಇಟ್ಕೊಂಡ್ರೆ ಮಾಡಿ ಕೊಡ್ತೇನೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅದು ನಮ್ಮ ಮನೆಯಲ್ಲಿ ಯುದ್ಧದ ಶಂಖ. "ದೇವರಿರುವ ಮರಕ್ಕೆ ಹುಳ ಹಿಡಿಯುದಿಲ್ಲ. ಮಡಿಯಲ್ಲಿ ಇರುವ ಮಂಟಪ ಅದು. ನಿಮ್ಮ ವಿಷವನ್ನು ದೇವರ ತಲೆ ಮೇಲೆ ಸುರಿಲಿಕ್ಕೆ ಹೇಳ್ತೀರಾ?"

"ಆಯ್ತು ಅಮ್ಮ. ಮಂಟಪ ಬಿಟ್ಟು ಮಾಡಿದ್ದೇನೆ, ಅಷ್ಟು ನೆನಪಿರಲಿ," ಎಂದು ಮಾಮ ಚೀಲ ಹೆಗಲಿಗೆ ಹಾಕಿಕೊಂಡರು. ಇಳಿದ ಎಡಭುಜ ಇನ್ನಷ್ಟು ಇಳಿಯಿತು. ನಾನು ಅದನ್ನೂ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ, ಆಕ್ಟಿಂಗಿಗೆ ಬೇಕಾಗುತ್ತದೆಂದು...

ಬೇಕಾಯಿತು. ಮುಂದಿನ ಶನಿವಾರವೇ ಭಜನೆ ಮುಗಿದು ಅವಲಕ್ಕಿ ಹಂಚುವಾಗ "ಮಾಣಿ, ಒಂದು ಐಟಂ ಆಗ್ಲಿ" ಎಂದು ಯಾರೋ ನನ್ನನ್ನು ಕರೆದರು. ನಾನು ಯಾರದೋ ಚೀಲ ಹೆಗಲಿಗೇರಿಸಿ, ಭುಜ ಇಳಿಸಿ, ಒಂದು ಕಣ್ಣು ಮುಚ್ಚಿ ಸೂಜಿಮಾಮನಾದೆ. ಹಾರ್ಮೋನಿಯಂ ಪೆಟ್ಟಿಗೆಗೆ ಕಿವಿಯಿಟ್ಟೆ. "ಹ್ಞಾ... ಇಲ್ಲಿ ಉಂಟು. ನೀನು ಮಲಗು. ನೀನೂ ಮಲಗು. ನೀನು ಮಾತ್ರ ಎಚ್ಚರ ಇರು ಮಾರಾಯ. ಬರುವ ವರ್ಷ ನನ್ನನ್ನು ಕರೀಲಿಕ್ಕೆ ಒಬ್ಬ ಬೇಕಲ್ಲ!"

ಕೊನೆಯ ಮಾತು ಮಾಮ ಆಡಿದ್ದಲ್ಲ, ನಾನು ಹೊಸೆದದ್ದು. ಒಗ್ಗರಣೆ ಇಲ್ಲದೆ ಸಾರು ಬಡಿಸುವ ಅಭ್ಯಾಸ ನನಗಿಲ್ಲ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಹೆಚ್ಚು ಅತ್ತೆ. ಕಣ್ಣೊರೆಸಿಕೊಳ್ಳುತ್ತ "ಪೋಕರಿ!" ಎಂದರು. ಆ ಬಿರುದಿಗಾಗಿ ನಾನು ಯಾರನ್ನಾದರೂ ಮಾರುತ್ತಿದ್ದೆ. ಮಾರಿದೆ ಕೂಡ.

ಒಂದು ವರ್ಷ ಕಳೆಯಿತು. ಒಂದು ಶನಿವಾರ ಊರಿನಿಂದ ಬಂದ ಪುರೋಹಿತರನ್ನು ಅತ್ತೆ ಮೇಲಿನ ಮಣೆ ತೆಗೆದು ಕೂರಿಸಿದರು. ಊಟ ಮುಗಿಸಿ ಎದ್ದಾಗ ಅವರ ಕೆಂಪು ಪಟ್ಟೆಮಡಿಯ ಹಿಂಬದಿ, ಕೂತ ಜಾಗದಲ್ಲಿ ಸರಿಯಾಗಿ, ಎರಡು ದುಂಡನೆಯ ಹಳದಿ ಹುಡಿಯ ಗುರುತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನಗಂತೂ ಅದು ವರ್ಷದ ಅತಿ ದೊಡ್ಡ ಕಾಣಿಕೆ. ಆದರೆ ಅತ್ತೆಯ ಮುಖ ಕಪ್ಪಿಟ್ಟಿತು. ಮಂಡಳಿಯ ಮುಂದೆ ಅವರ ಮನೆಯ ಮಣೆ ಅವರ ಮರ್ಯಾದೆ ತೆಗೆದಿತ್ತು. ಯಾರ ತಲೆಗಾದರೂ ಅದನ್ನು ಕಟ್ಟಬೇಕಿತ್ತು.

"ನಮ್ಮ ಮಾಣಿ ಆವತ್ತೇ ಹೇಳಿದ್ದ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ಒಂದು ಹುಳ ಬೇಕಂತಲೇ ಬಿಟ್ಟು ಹೋಗ್ತಾನೆ ಆ ಜನ, ಮತ್ತೆ ಕರೀಲಿ ಅಂತ. ಇವನು ಹತ್ತಿರ ನಿಂತು ನೋಡಿದವ. ಸುಮ್ಮನೆ ಹೇಳ್ತಾನಾ?"

ಜೋಕು ಎಂದು ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ನಗಲು ತಯಾರಾಗಿ... ನಾನು ಹಲ್ಲು ಕಿರಿದೆ ಅಷ್ಟೆ.

ಮುಂದಿನ ಶನಿವಾರ ಸೂಜಿಮಾಮನನ್ನು ಮಂಡಳಿಯ ಎದುರಿಗೇ ಕರೆಸಿದರು. ಅವರು ಚೀಲವನ್ನು ಚಪ್ಪಲಿಯ ಹತ್ತಿರ ಇಟ್ಟು ಒಳಗೆ ಬಂದು, ಮಣೆಗಳನ್ನು ಒಂದೊಂದೇ ತಿರುಗಿಸಿ ನೋಡಿದರು. ತಾವು ತುಂಬಿದ ಮೇಣವನ್ನು ಉಗುರಿನಲ್ಲಿ ಮುಟ್ಟಿ ನೋಡಿದರು. ಒಂದೂ ತೆರೆದಿರಲಿಲ್ಲ. ಹುಡಿ ಇದ್ದದ್ದು ಮೇಲಿನ ಮಣೆಯ ಮೇಲ್ಭಾಗದಲ್ಲಿ ಮಾತ್ರ. ಅವರು ತಲೆ ಎತ್ತಿ, ಅದರ ನೇರ ಮೇಲಿದ್ದ ಮಂಟಪದ ತಳ ನೋಡಿದರು.

"ಅಮ್ಮ, ಮಣೆಯ ಮೇಲೆ ಒಂದು ಕಪ್ಪು ಕಾಗದ ಇಡಿ. ಒಂದೇ ವಾರ. ಎಲ್ಲಿಂದ ಬೀಳ್ತದೆ ಅಂತ ನೀವೇ ನೋಡಿ."

"ನಿನ್ನ ಕಳ್ಳ ಕೆಲಸವನ್ನು ದೇವರ ಮೇಲೆ ಹಾಕ್ತೀಯಾ?" ಅತ್ತೆಯ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದನ್ನು ಎಲ್ಲರೂ ಗಮನಿಸಿದರು. "ನೀನು ಹುಳದ ಹತ್ತಿರ ಎಂತ ಮಾತಾಡ್ತಿ ಅಂತ ಗೊತ್ತುಂಟು ನಮಗೆ. ಮಾಣಿ, ಮಾಡಿ ತೋರಿಸಾ ಅವನಿಗೆ!"

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ನಾನು ಸುಲಭವಾಗಿ ಹೇಳಿದೆ. ಇದೊಂದು ಸುಲಭವಲ್ಲ. ನಾನು ಮಾಡಿ ತೋರಿಸಿದೆ. ಚೀಲ ಇಲ್ಲದೆಯೇ ಭುಜ ಇಳಿಸಿದೆ, ಕಣ್ಣು ಮುಚ್ಚಿದೆ, ಕೊನೆಯ ಸಾಲಿನ ತನಕ ಹೋದೆ. ನನ್ನೆದುರು ಅಸಲಿ ನಿಂತಿತ್ತು, ನಕಲಿಗೆ ಚಪ್ಪಾಳೆ ಬಿತ್ತು. ಮಾಮ ಕೂಡ ತುಟಿಯ ಒಂದು ಕಡೆಯಿಂದ ಸ್ವಲ್ಪ ನಕ್ಕರು. "ಚೆನ್ನಾಗಿ ಮಾಡ್ತೀ," ಎಂದರು. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಒಂದೇ ತಿಂಗಳಲ್ಲಿ ಡೊಂಬಿವಲಿಯ ನಮ್ಮವರ ಒಂದು ಮನೆಯೂ ಅವರನ್ನು ಕರೆಯಲಿಲ್ಲ. ಕಲ್ಯಾಣದಲ್ಲೂ ನಿಂತಿತಂತೆ. ಮದುವೆ, ಮುಂಜಿ, ನಾಮಕರಣಗಳಲ್ಲಿ ನನ್ನ ಆ ಸಾಲನ್ನು ಜನ ನನಗೇ ಹೇಳಿ ತೋರಿಸುತ್ತಿದ್ದರು.

ಆಗ ಹುಟ್ಟಿತು ಸೇಡು. ನನ್ನ ಮೇಲೆ ತೀರಿಸಿಕೊಳ್ಳಬೇಕಾದ ಸೇಡನ್ನೂ ಸೇರಿಸಿ ಅತ್ತೆಯ ಮೇಲೆ ತೀರಿಸುವುದೆಂದು ನಿಶ್ಚಯಿಸಿದೆ. ಮಣೆಗಳ ಮೇಲೆ ಒಂದು ಕಪ್ಪು ಚಾರ್ಟ್ ಪೇಪರ್ ಹಾಸಿದೆ. ಅತ್ತೆಗೆ "ಧೂಳು ಬೀಳದ ಹಾಗೆ" ಎಂದೆ. "ಈಗಲಾದರೂ ಬುದ್ಧಿ ಬಂತು" ಎಂದರು. ಒಂದು ವಾರದಲ್ಲಿ ಕಾಗದದ ಮೇಲೆ ನಾಲ್ಕು ಪುಟ್ಟ ಗುಡ್ಡೆ, ನಾಲ್ಕು ಕಂಬದ ಬುಡಕ್ಕೆ ಸರಿಯಾಗಿ. ಆವತ್ತೇ ಎಲ್ಲರನ್ನೂ ಕರೆದು ತೋರಿಸಬಹುದಿತ್ತು. ಆದರೆ ಒಂದು ಚಿಟಿಕೆ ಹುಡಿಗೆ ಎಷ್ಟು ಜನ ನಗುತ್ತಾರೆ? ನನಗೆ ತುಂಬಿದ ಸಭೆ ಬೇಕಿತ್ತು. ಪ್ರತಿ ಶನಿವಾರ ಹುಡಿಯನ್ನು ಒಂದು ಖಾಲಿ ಕಾಫಿ ಬಾಟ್ಲಿಗೆ ಸುರಿದು ಕಾದೆ. ರಾಮನವಮಿ ಹೋಯಿತು, ಮಳೆಗಾಲ ಬಂತು. ಆರು ತಿಂಗಳಲ್ಲಿ ಬಾಟ್ಲಿ ಅರ್ಧ ತುಂಬಿತು. ಕಂಬಕ್ಕೆ ಕಿವಿ ಇಟ್ಟರೆ ಕರ್ ಕರ್ ಎನ್ನುವುದು ನನಗೂ ಕೇಳಿಸುತ್ತಿತ್ತು. ತಿನ್ನು ಮಗನೇ, ತಿನ್ನು, ಎನ್ನುತ್ತಿದ್ದೆ.

ಅತ್ತೆಯ ಮನೆಯ ಸತ್ಯನಾರಾಯಣ ಪೂಜೆಯ ದಿನ ಬಂತು. ಪೂಜೆಗೆಂದು ದೇವರನ್ನೆಲ್ಲ ಹರಿವಾಣದಲ್ಲಿಟ್ಟು ಕೆಳಗೆ ತಂದಿದ್ದರು. ಅಂದು ಮಾಮ ಕೇಳಿದಾಗ ಎರಡು ದಿನಕ್ಕೆ ಆಗದು ಎಂದ ಅದೇ ಕೆಲಸ, ಅದೇ ಹರಿವಾಣ. ಮಂಟಪ ಖಾಲಿ ಇತ್ತು. ಪ್ರಸಾದವಾದ ಮೇಲೆ ಎಂದಿನ ಹಾಗೆ "ಮಾಣಿ, ಒಂದು ಐಟಂ" ಎಂದರು. ನಾನು ಎದ್ದು, ಹೆಗಲ ಮೇಲಿನ ಶಾಲನ್ನು ಸೊಂಟಕ್ಕೆ ಸಿಕ್ಕಿಸಿದೆ. ಅಷ್ಟಕ್ಕೇ ಅರ್ಧ ಸಭೆಗೆ ಗೊತ್ತಾಗಿ ಹೋಯಿತು, ಯಾರೆಂದು.

"ದೇವರಿರುವ ಮರಕ್ಕೆ ಹುಳ ಹಿಡಿಯುದಿಲ್ಲ!" ಎಂದೆ ಅತ್ತೆಯದೇ ದನಿಯಲ್ಲಿ. ನಗು ಎದ್ದಿತು, ಅತ್ತೆ ಕೂಡ ಮುಗುಳ್ನಕ್ಕರು. ಅದೇ ದನಿಯಲ್ಲಿ "ಬೇಕಾದರೆ ಮುಟ್ಟಿ ನೋಡಿ!" ಎಂದು ಮಂಟಪದ ಮುಂದಿನ ಕಂಬವನ್ನು ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ಹಲ್ವಾದ ಒಳಗೆ ಹೋದ ಹಾಗೆ ಹೋಯಿತು. ಮೇಲೆ ಪಾಲಿಶಿನ ಸಿಪ್ಪೆ ಮಾತ್ರ ಇತ್ತು, ಒಳಗೆಲ್ಲ ಹಿಟ್ಟು. ಕಂಬ ಕೈಗೆ ಕಿತ್ತು ಬಂತು. ಗೋಪುರ ಒಂದು ಕಡೆಗೆ ವಾಲಿ, ಮೆಲ್ಲನೆ ಕುಸಿಯಿತು. ನಾನು ಬಾಟ್ಲಿಯ ಮುಚ್ಚಳ ತೆರೆದು ಅತ್ತೆಯ ಮುಂದಿಟ್ಟೆ. "ಆರು ತಿಂಗಳ ಪ್ರಸಾದ, ಅತ್ತೆ. ಸೂಜಿಮಾಮ ಬಿಟ್ಟ ಹುಳ ಅಲ್ಲ, ನೀವು ಸಾಕಿದ್ದು."

ಅತ್ತೆಯ ಮುಖ... ಅದನ್ನು ವರ್ಣಿಸುವುದಿಲ್ಲ, ಮಾಡಿಯೇ ತೋರಿಸಬೇಕು. ಇವತ್ತಿಗೂ ನೆನೆಸಿಕೊಂಡರೆ ನನಗೆ ಒಂದು ಲೋಟ ಕಬ್ಬಿನ ಹಾಲು ಕುಡಿದ ಹಾಗೆ. ಒಳ್ಳೆಯವನಾಗಿ ಬರೆಯಬೇಕೆಂದರೆ ಪಶ್ಚಾತ್ತಾಪ ಎನ್ನಬೇಕಿತ್ತು. ಅತ್ತೆಯ ಮಟ್ಟಿಗೆ ಅದು ನನಗಿಲ್ಲ. ಅವರೀಗ ಸಾನಪಾಡಾದಲ್ಲಿ ಮಗನ ಮನೆಯಲ್ಲಿದ್ದಾರೆ, ದೇವರು ಮಾರ್ಬಲ್ಲಿನ ಮಂಟಪದಲ್ಲಿ. ಮಾರ್ಬಲ್ ತಿನ್ನುವ ಹುಳ ಯಾರಿಗಾದರೂ ಸಿಕ್ಕಿದರೆ ದಯವಿಟ್ಟು ತಿಳಿಸಿ.

ಮರುದಿನವೇ ಬಾಟ್ಲಿ ಹಿಡಿದು ವಿಠ್ಠಲವಾಡಿಗೆ ಓಡಿದೆ, ಗೆದ್ದ ಟ್ರೋಫಿ ತೋರಿಸುವ ಆಟಗಾರನ ಹಾಗೆ. ಮಾಮ ಆಗ ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದರು. ಮನೆಯಲ್ಲಿ ಕಾಖಿ ಪ್ಯಾಂಟಿನಲ್ಲೇ ಕೂತಿದ್ದರು. ಅವರ ಹೆಂಡತಿ ನನ್ನ ಹೆಸರು ಕೇಳಿ, ಚಹಾ ತಂದಿಟ್ಟು, ಮುಖ ನೋಡದೆ ಒಳಗೆ ಹೋದರು. ನಾನು ಇಡೀ ಪೂಜೆಯನ್ನು ಮಾಡಿ ತೋರಿಸಿದೆ, ಕಂಬ ಕಿತ್ತು ಬಂದದ್ದು, ಗೋಪುರ ಕುಸಿದದ್ದು. ಮಾಮ ನಗಲಿಲ್ಲ. ಬಾಟ್ಲಿಯಿಂದ ಚಿಟಿಕೆ ಹುಡಿ ತೆಗೆದು ಬೆರಳಲ್ಲಿ ಉಜ್ಜಿದರು.

"ಇದು ಎಷ್ಟು ದಿನದ್ದು?"

"ಆರು ತಿಂಗಳದ್ದು ಮಾಮ!"

"ಮೊದಲ ವಾರವೇ ನಿನಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ಅವರು ಬಾಟ್ಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿದರು. "ನಾಲ್ಕು ಕಂಬವೂ ಉಳೀತಿತ್ತು ಮಗಾ, ಆಗ ಮದ್ದು ಹಾಕಿದ್ರೆ. ನನ್ನ ಹೆಸರು ಹೋದದ್ದು ಹೋಯ್ತು. ಆ ಮರ ನಿಂಗೆ ಎಂತ ಮಾಡಿತ್ತು?"

ನಾನು ಬಾಟ್ಲಿಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಚಾ ಕುಡಿ, ತಣಿದೀತು," ಎಂದರು. ಕುಡಿದೆ. ಮತ್ತೆಂದೂ ಆ ಕಡೆ ಹೋಗಲಿಲ್ಲ...

ಈಗ ಕಪಾಟಿನ ವಿಷಯ. ಆ್ಯಪಿನವನು ಬಂದು ಹೋದ ಒಂದೇ ವಾರಕ್ಕೆ ಅದೇ ಹಲಗೆಯ ಮೇಲೆ ಮತ್ತೆ ಹುಡಿ. ಅಂಗಡಿಯವನಿಗೆ ಇನ್ನೊಂದು ಅಕೌಂಟಿನಿಂದ ಇನ್ನೊಂದು ಸ್ಟಾರು ಕೊಡಲು ಫೋನು ಎತ್ತಿಕೊಂಡವನು, ಏನೋ ನೆನಪಾಗಿ ತಲೆ ಎತ್ತಿದೆ. ಕಪಾಟಿನ ನೆತ್ತಿಯ ಮೇಲೆ, ಗೋಡೆಗೆ ಒರಗಿ, ಆ ಕಂಬ ನಿಂತಿತ್ತು. ಅತ್ತೆಯ ಮಂಟಪದ್ದು. ಆವತ್ತು ಕೈಗೆ ಕಿತ್ತು ಬಂದದ್ದನ್ನು ನಾನು ವಾಪಸ್ ಕೊಟ್ಟಿರಲಿಲ್ಲ. ಡೊಂಬಿವಲಿಯಿಂದ ಐರೋಲಿಗೆ ಬರುವಾಗ ಪದಕದ ಹಾಗೆ ಟವೆಲಿನಲ್ಲಿ ಸುತ್ತಿ ತಂದು, ಬಂದವರಿಗೆಲ್ಲ ತೋರಿಸುತ್ತಿದ್ದೆ. ಕೆಳಗೆ ಕಪ್ಪು ಕಾಗದ ಹಾಸಿದೆ. ಮೂರು ದಿನಕ್ಕೆ ಸಾಕ್ಷಿ ಬಿತ್ತು. ಹುಡಿ ಕಂಬದಿಂದ ಇಳಿದು, ಕಪಾಟಿನ ಹಿಂಬದಿಯ ಸಂದಿಯಿಂದ ನಡುವಿನ ಹಲಗೆಗೆ ಉದುರುತ್ತಿತ್ತು. ಕಪಾಟಿನಲ್ಲಿ ಒಂದು ತೂತೂ ಇರಲಿಲ್ಲ.

ಅಂಗಡಿಯವನ ಸ್ಟಾರು ಅಳಿಸಿದೆ. ಕ್ಯಾಂಟೀನಿನ ನಗುವನ್ನು ಅಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಹಳೆಯ ನಂಬರು ಹುಡುಕಿ ಮಾಮನಿಗೆ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ.

"ಅವರು ತೀರಿಹೋಗಿ ಒಂದು ವರ್ಷ ಆಯ್ತಲ್ಲ," ಎಂದರು. "ಹುಳದ ಕೆಲಸವಾ? ನೀವು ಯಾರು ಮಾತಾಡುದು?"

ನಲವತ್ತು ಜನರ ದನಿ ಬರುತ್ತದೆ ನನಗೆ. ಯಾರ ದನಿಯಲ್ಲಾದರೂ ಉತ್ತರ ಕೊಡಬಹುದಿತ್ತು. ನನ್ನದೇ ದನಿಯಲ್ಲಿ, ಡೊಂಬಿವಲಿಯ ಇಂಥವನು ಎಂದೆ.

"ಆ ಆಕ್ಟಿಂಗ್ ಮಾಡಿದವನಾ?" ಎಂದರು. ಫೋನು ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಇವತ್ತು ಬೆಳಗ್ಗೆ ಮೆಡಿಕಲ್ಲಿನಿಂದ ಸಿರಿಂಜು, ಹಾರ್ಡ್‌ವೇರ್ ಅಂಗಡಿಯಿಂದ ಮದ್ದು, ಮೂಲೆಯ ಅಂಗಡಿಯಿಂದ ಮೇಣದಬತ್ತಿ ತಂದೆ. ಕಾವಿ ಸಿಗಲಿಲ್ಲ, ಬಿಳಿ ಮೇಣವೇ ಆಯಿತು. ಕಿಟಕಿ ತೆರೆದು, ಬಾಯಿಗೆ ಬಟ್ಟೆ ಕಟ್ಟಿ, ಕಂಬವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಒಂದು ತೂತಿಗೆ ಒತ್ತಿದರೆ ಗೇಣು ಆಚೆ ಇನ್ನೊಂದರಲ್ಲಿ ಹನಿಯಿತು, ಅವರು ತೋರಿಸಿದ ಹಾಗೆಯೇ. ನನ್ನ ಮೇಣ ಅವರದರಷ್ಟು ಸಮ ಕೂರಲಿಲ್ಲ. ಕಂಬದ ತುಂಬ ಬಿಳಿ ಚುಕ್ಕೆ, ಸಿಡುಬು ಬಂದವರ ಹಾಗೆ.

ಕೊನೆಗೆ ಬುಡದಲ್ಲಿ ಒಂದು ತೂತು ಉಳಿಯಿತು. ಸಾಸಿವೆಗಿಂತ ಸಣ್ಣದು. ಅದರ ಮುಂದೆ 'ನೀನು ಮಾತ್ರ ಎಚ್ಚರ ಇರು' ಎಂಬ ನನ್ನ ಆ ಹಳೆಯ ಸಾಲು ತಾನಾಗಿಯೇ ನಾಲಿಗೆಗೆ ಬಂತು, ಭುಜ ತಾನಾಗಿಯೇ ಇಳಿಯಿತು. ನೆಟ್ಟಗೆ ಕೂತೆ. ಮದ್ದು ಒತ್ತಿ, ಮೇಣ ತುಂಬಿ, ಹೆಬ್ಬೆರಳನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದೆ.

"ನೀನೂ ಮಲಗು," ಎಂದೆ.